ಶಾಲಿನ ಫೋಟೊ ಉಳಿಯಿತು, ಚಿತ್ರ ಉಳಿಯಲಿಲ್ಲ

ಗದಗ ಸೀಮೆಯಿಂದ 1979ರಲ್ಲಿ ಮುಂಬೈಗೆ ಬಂದ ನಾನು ಇಲ್ಲಿನ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದವನು. ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನ ವಾರ್ಷಿಕ ಪ್ರದರ್ಶನವನ್ನು ಆರೋಗ್ಯ ಚೆನ್ನಾಗಿದ್ದ ಯಾವ ವರ್ಷವೂ ತಪ್ಪಿಸಿದವನಲ್ಲ. ಅಲ್ಲಿ ನನ್ನನ್ನು ಸೆಳೆಯುವುದು ಚಿತ್ರಗಳಷ್ಟೇ ಅಲ್ಲ, ಅವುಗಳ ಮುಂದೆ ನಡೆಯುವ ಮಾತು ಕೂಡ. ಬಹುಮಾನದ ಚೀಟಿ ಅಂಟಿಸಿದ ಕ್ಯಾನ್ವಾಸಿನ ಎದುರು ನಿಂತ ಮರಾಠಿ ಕಲಾವಿದರು ಮೊದಲು ಬಣ್ಣ ಹಚ್ಚಿದ ರೀತಿಯನ್ನು ನೋಡುತ್ತಾರೆ, ಆಮೇಲೆ ಹುಡುಗ ಯಾರ ಕೈಯಲ್ಲಿ ಕಲಿತವನು ಎಂದು ಕೇಳುತ್ತಾರೆ. ಅವನ ಊರು, ಮನೆತನದ ಮಾತು ಬಂದರೂ ಬಹಳ ತಡವಾಗಿ ಬರುತ್ತದೆ. ನಮ್ಮಲ್ಲಿ ಇದು ತಿರುವುಮುರುವಾಗಿದೆ ಎಂಬುದು ನನ್ನ ಬಹುಕಾಲದ ನೋವು. ಕಲಾಶಾಲೆಯ ಹುಡುಗನೋ ಹುಡುಗಿಯೋ ಸಾಧನೆ ಮಾಡಿದಾಗ ಹೊರನಾಡ ಕನ್ನಡಿಗರಾದ ನಾವು ಬರೆಯುವ ಸುದ್ದಿಯಲ್ಲಿ ತಾಲ್ಲೂಕು, ತಂದೆತಾಯಿ, ಸಂಘ, ಅಧ್ಯಕ್ಷರು, ಮುಖ್ಯ ಅತಿಥಿಗಳು ಎಲ್ಲರೂ ಇರುತ್ತಾರೆ. ಆ ಮಗು ಬರೆದ ಚಿತ್ರ ಮಾತ್ರ ಇರುವುದಿಲ್ಲ.

ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತಿದ್ದವರೊಬ್ಬರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳನ್ನು ನಮ್ಮ ಶಾಲೆಯಿಂದಲೇ ಮುಗಿಸಿ, ಮುಂದೆ ನಗರದ ಒಂದು ಕಲಾ ಕಾಲೇಜಿಗೆ ಸೇರಿ, 1998ರಲ್ಲಿ ಅಲ್ಲಿನ ವಾರ್ಷಿಕ ಪ್ರದರ್ಶನದಲ್ಲಿ ಬಹುಮಾನ ಪಡೆದಳು. ಚಿತ್ರ ಅವಳದೇ ಚಾಳಿನ, ಅಂದರೆ ಸಾಲುಕೋಣೆಗಳ ವಠಾರದ, ನಲ್ಲಿಯದು. ಬೆಳಗಿನ ನಾಲ್ಕೂವರೆಯ ಕತ್ತಲೆ, ಒಂದೇ ಒಂದು ಬಲ್ಬು, ಸಾಲಾಗಿ ಇಟ್ಟ ತಾಮ್ರದ ಕೊಡಗಳು ಮತ್ತು ಪ್ಲಾಸ್ಟಿಕ್ ಡಬ್ಬಗಳು, ಅವುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ತೂಕಡಿಸುವ ಒಬ್ಬ ಹೆಂಗಸು. ಬಲ್ಬಿನ ಹಳದಿಯನ್ನು ನನ್ನ ವಿದ್ಯಾರ್ಥಿನಿ ತಾಮ್ರದ ಕೊಡದ ಅಂಚಿಗೆ ಮಾತ್ರ ಕೊಟ್ಟು, ಪ್ಲಾಸ್ಟಿಕ್ಕಿಗೆ ಕೊಡದೆ ಉಳಿಸಿದ್ದಳು. ಆ ವಿವೇಕ ಇಪ್ಪತ್ತರ ಹರೆಯದಲ್ಲಿ ಎಲ್ಲರಿಗೂ ಬರುವಂಥದ್ದಲ್ಲ. ಕನ್ನಡ ಸಂಘವೊಂದು ಅವಳನ್ನು ಕರೆದು ಶಾಲು ಹೊದಿಸಿ, ಫಲಪುಷ್ಪ, ಸ್ಮರಣಿಕೆ ಕೊಟ್ಟು ಸನ್ಮಾನಿಸಿತು. ಚಿತ್ರವನ್ನು ವೇದಿಕೆಗೆ ತರಬಹುದೇ ಎಂದು ನಾನು ಕೇಳಿದಾಗ, ಜಾಗ ಸಾಲದು, ಕಾರ್ಯಕ್ರಮಕ್ಕೆ ತಡವಾಗುತ್ತದೆ ಎಂಬ ಉತ್ತರ ಬಂತು. ಕರೆದವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಚಿತ್ರಕ್ಕೂ ಸನ್ಮಾನಕ್ಕೂ ಸಂಬಂಧವಿದೆ ಎಂದು ಯಾರಿಗೂ ತೋಚಲಿಲ್ಲ, ಅಷ್ಟೇ. ವರದಿಯಲ್ಲಿ ಹದಿಮೂರು ಜನ ಗಣ್ಯರ ಹೆಸರಿತ್ತು. ಮರುವರ್ಷ ಪರೀಕ್ಷೆಗೆ ಹೊಸ ಕ್ಯಾನ್ವಾಸ್ ಕೊಳ್ಳಲು ಹಣವಿಲ್ಲದೆ ಅವಳು ಅದೇ ಕ್ಯಾನ್ವಾಸಿಗೆ ಬಿಳಿ ಬಳಿದು ಅದರ ಮೇಲೆ ಬೇರೆ ಚಿತ್ರ ಬರೆದಳು. ಕಲಾ ಕಾಲೇಜಿನ ಬಡ ಮಕ್ಕಳು ಇಂದಿಗೂ ಹಾಗೆಯೇ ಮಾಡುತ್ತಾರೆ. ನಲ್ಲಿಯ ಚಿತ್ರದ ಒಂದು ಫೋಟೊ ಕೂಡ ಯಾರಲ್ಲೂ ಇಲ್ಲ.

ಮುಂಬೈಯ ರೀತಿಯೆಲ್ಲ ಒಳ್ಳೆಯದು ಎಂದು ನಾನು ವಾದಿಸುತ್ತಿಲ್ಲ. 1857ರಲ್ಲಿ ಜಮ್‌ಸೆಟ್‌ಜಿ ಜೀಜೀಭಾಯ್ ಅವರ ಒಂದು ಲಕ್ಷ ರೂಪಾಯಿಯ ದಾನದಿಂದ ಹುಟ್ಟಿದ ಜೆ.ಜೆ. ಶಾಲೆಯ ವಿದ್ಯಾರ್ಥಿಗಳ ಮೊದಲ ದೊಡ್ಡ ಸಾಧನೆಗಳಲ್ಲಿ ಒಂದು ಇಂದಿಗೂ ಲಕ್ಷಾಂತರ ಜನರ ತಲೆಯ ಮೇಲೆಯೇ ಇದೆ. ಅಂದಿನ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣದ ಕಲ್ಲಿನ ಎಲೆಬಳ್ಳಿ, ಪ್ರಾಣಿಪಕ್ಷಿಗಳ ಕೆತ್ತನೆಯಲ್ಲಿ ಅವರ ಕೈಯಿದೆ. ಕಟ್ಟಡದ ಜೊತೆಗೆ ನೆನಪಾಗುವುದು ವಾಸ್ತುಶಿಲ್ಪಿ ಸ್ಟೀವನ್ಸ್ ಅವರ ಹೆಸರು ಮಾತ್ರ, ಹುಡುಗರ ಹೆಸರನ್ನು ಯಾರೂ ಹೇಳುವುದಿಲ್ಲ. 1872ರಿಂದ 1885ರವರೆಗೆ ಅಜಂತಾ ಗುಹೆಗಳ ಅರೆಗತ್ತಲಲ್ಲಿ ಕೂತು ಭಿತ್ತಿಚಿತ್ರಗಳ ಪ್ರತಿ ತೆಗೆದವರೂ ಅದೇ ಶಾಲೆಯ ವಿದ್ಯಾರ್ಥಿಗಳು. ಹೆಚ್ಚಿನವರು ಬಲ್ಲದ್ದು ಪ್ರಾಂಶುಪಾಲ ಗ್ರಿಫಿತ್ಸರ ಹೆಸರನ್ನು. ಗೋವೆಯ ಚಿತ್ರಕಾರ ಎಫ್.ಎನ್. ಸೋಜಾ ಅವರನ್ನು ಕ್ವಿಟ್ ಇಂಡಿಯಾ ಚಳವಳಿಯನ್ನು ಬೆಂಬಲಿಸಿದ್ದಕ್ಕಾಗಿ ಇದೇ ಶಾಲೆ 1945ರಲ್ಲಿ ಹೊರಹಾಕಿತು. ಎರಡೇ ವರ್ಷಗಳಲ್ಲಿ, 1947ರಲ್ಲಿ, ಅವರು ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಅವರೊಡನೆ ಪ್ರೋಗ್ರೆಸಿವ್ ಎಂಬ ಕಲಾವಿದರ ಗುಂಪನ್ನು ಕಟ್ಟಿದರು. ಹಾಗಾಗಿ ತನ್ನ ವಿದ್ಯಾರ್ಥಿಗಳನ್ನು ನೆನೆಯುವುದರಲ್ಲಿ ಮುಂಬೈಯೂ ತಪ್ಪಿದೆ. ಆದರೆ ಈ ಊರು ಒಂದನ್ನು ಕಲಿತಿದೆ: ಚಿತ್ರವನ್ನು ಗೋಡೆಗೆ ತೂಗುಹಾಕಿ, ಮಾಧ್ಯಮ ಬರೆದು, ಬಾಗಿಲು ತೆರೆದಿಟ್ಟು, ಬಂದವರು ನೋಡಲಿ ಎಂದು ಬಿಡುವುದು. 1888ರಿಂದ ಬಾಂಬೆ ಆರ್ಟ್ ಸೊಸೈಟಿ, 1952ರಿಂದ ಜಹಾಂಗೀರ್ ಕಲಾ ಗ್ಯಾಲರಿ ಈ ರೂಢಿಯನ್ನು ಗಟ್ಟಿಗೊಳಿಸಿವೆ.

ಜೆ.ಜೆ. ಶಾಲೆಯ ಇತಿಹಾಸದಲ್ಲಿ ನಮ್ಮವರ ಪಾಲು ಚಿಕ್ಕದಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಅಲ್ಲಿ ವಿದ್ಯಾರ್ಥಿಯಾಗಿದ್ದು, ಅಲ್ಲಿಯೇ ಅಧ್ಯಾಪಕರಾಗಿ, ಕೊನೆಯವರೆಗೂ ಮುಂಬೈಯವರಾಗಿಯೇ ಬಾಳಿದರು. ಅವರಿಗೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದದ್ದನ್ನು ನಮ್ಮ ವೇದಿಕೆಗಳಲ್ಲಿ ತಪ್ಪದೆ ಹೇಳುತ್ತೇವೆ. ರೇಖೆಯಲ್ಲಿ ಲಯ ಹಿಡಿಯಬೇಕೆಂದು ಅವರು ಕಥಕ್ ನೃತ್ಯವನ್ನೇ ಕಲಿತರು ಎಂಬುದನ್ನು ಹೇಳುವವರು ಕಡಿಮೆ. ಒಂದೇ ಎಳೆಯಲ್ಲಿ ಅವರು ಬರೆದ ನರ್ತಕಿಯನ್ನು ನೋಡಿ ಎಂದು ಮಕ್ಕಳ ಕೈಗೆ ಕೊಡುವವರು ಇನ್ನೂ ಕಡಿಮೆ. ಕಲಬುರಗಿಯ ಎಸ್.ಎಂ. ಪಂಡಿತರೂ ಜೆ.ಜೆ. ಶಾಲೆಯವರೇ, ಸಿನಿಮಾ ಭಿತ್ತಿಪತ್ರಗಳಿಂದ ಹಿಡಿದು ಕ್ಯಾಲೆಂಡರಿನ ದೇವರ ಚಿತ್ರಗಳವರೆಗೆ ಅವರ ಕೆಲಸ ಮನೆಮನೆಗೆ ಹೋಯಿತು, ಬರೆದವರು ಕನ್ನಡ ನಾಡಿನವರೆಂದು ಆ ಮನೆಗಳಿಗೆ ತಿಳಿಯಲಿಲ್ಲ. 2025ರಲ್ಲಿ ಕಾರ್ಕಳ ಮೂಲದ ಭಾವಚಿತ್ರಕಾರ ವಾಸುದೇವ ಕಾಮತರಿಗೆ ಪದ್ಮಶ್ರೀ ಬಂದಾಗ ನನ್ನ ಮೊಬೈಲಿಗೆ ನಲವತ್ತರಷ್ಟು ಅಭಿನಂದನೆಯ ಸಂದೇಶಗಳು ಬಂದವು. ಅವರ ಒಂದಾದರೂ ಭಾವಚಿತ್ರವನ್ನು ಜೊತೆಗಿಟ್ಟು ಕಳಿಸಿದವರು ಇಬ್ಬರೇ.

ನಾಡಿನೊಳಗಿನ ರೀತಿಯಲ್ಲಿ ಮುಂಬೈಗೆ ಇಲ್ಲದ ಒಂದು ಗುಣವಿದೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾ ಮಂದಿರ, ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆ, ಇವೆಲ್ಲ ಗುರುವೊಬ್ಬರ ಸುತ್ತ ಬೆಳೆದವು. ಫೀ ಕೊಡಲಾಗದವನೂ ಅಲ್ಲಿ ಕಲಿತ. ಗುರುವಿನ ಮನೆಯ ರೊಟ್ಟಿ ತಿಂದು, ಅವರ ಬ್ರಶ್ ತೊಳೆದು ಕಲಿತವನಿಗೆ ತನ್ನ ಗುರು ಯಾರೆಂದು ಚೀಟಿಯಲ್ಲಿ ಬರೆದುಕೊಡಬೇಕಾಗಿರಲಿಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ವಿದ್ಯಾರ್ಥಿಯೂ ಹಿರಿಯನೂ ಒಂದೇ ಫುಟ್‌ಪಾತಿನ ಮೇಲೆ ಕೂತು ಚಿತ್ರ ತೋರಿಸುವುದನ್ನು ಕಂಡಾಗ, ಮುಂಬೈ ಗ್ಯಾಲರಿಗಳ ಗಾಜಿನ ಬಾಗಿಲಿನ ಮುಂದೆ ಹಿಂಜರಿದು ನಿಲ್ಲುವ ನಮ್ಮ ಶಾಲೆಯ ಮಕ್ಕಳ ಮುಖ ಕಣ್ಣಿಗೆ ಕಟ್ಟುತ್ತದೆ. ಆದರೆ ಗುರುವಿನ ಸುತ್ತ ಬೆಳೆದ ಶಾಲೆಗಳ ಕಥೆ ಬಾಯಿಂದ ಬಾಯಿಗೆ ಬಂದದ್ದು. ಹೇಳುವವರು ತೀರಿಕೊಂಡಂತೆ ಯಾವ ವರ್ಷ ಯಾರು ಏನು ಬರೆದರು ಎಂಬುದೂ ಅವರೊಂದಿಗೇ ಹೋಗುತ್ತಿದೆ.

ಸಿಬ್ಬಂದಿಯ ವಿಷಯದಲ್ಲಿ ಎರಡೂ ಕಡೆಯವರು ಒಂದೇ ತಪ್ಪು ಮಾಡುತ್ತೇವೆ. ಕಾಲೇಜೊಂದರ ಮುದ್ರಣ ವಿಭಾಗದಲ್ಲಿ ನಾನು ಕಂಡ ಒಬ್ಬ ಸಹಾಯಕ, ಚಿತ್ರ ಬರೆದು ಅಚ್ಚೊತ್ತಲು ಬಳಸುವ ಲಿಥೋ ಕಲ್ಲುಗಳನ್ನು ತಿಕ್ಕಿ ಹದ ಮಾಡುತ್ತಿದ್ದ. ಮಣೆಯಂಥ ದಪ್ಪ ಕಲ್ಲಿನ ಮೇಲೆ ನೀರು ಚಿಮುಕಿಸಿ, ನುಣ್ಣನೆಯ ಮರಳು ಹರಡಿ, ಇನ್ನೊಂದು ಕಲ್ಲನ್ನು ಅದರ ಮೇಲಿಟ್ಟು ಸುತ್ತು ಸುತ್ತಾಗಿ ತಿರುಗಿಸುತ್ತಾನೆ. ಹಳೆಯ ಚಿತ್ರ ಪೂರ್ತಿ ಹೋಯಿತೇ ಎಂದು ನೋಡಲು ಕಲ್ಲನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು, ಅಂಗೈ ಸವರಿ, ಮತ್ತೆ ತಿಕ್ಕುತ್ತಾನೆ. ಕಲ್ಲು ಅವನ ಕೈಯಿಂದ ಹಾಗೆ ಬಾರದಿದ್ದರೆ ಯಾವ ವಿದ್ಯಾರ್ಥಿಯ ಲಿಥೋಗ್ರಾಫಿಗೂ ಬಹುಮಾನ ಬರಲಾರದು. ಅವನ ನಿವೃತ್ತಿ ಸುದ್ದಿಯಾಗಲಿಲ್ಲ. ಭಾವಚಿತ್ರದ ತರಗತಿಯಲ್ಲಿ ಗಂಟೆಗಟ್ಟಲೆ ಕದಲದೆ ಕೂರುವ ಮುದುಕರೂ ಸುದ್ದಿಯಲ್ಲಿ ಬರುವುದಿಲ್ಲ.

ಮುಂಬೈ, ಪುಣೆ, ಗೋವೆಯ ಕನ್ನಡ ಸಂಘಗಳವರಲ್ಲಿ ನಾನು ಕೇಳಿಕೊಳ್ಳುವುದು ದುಬಾರಿಯಾದದ್ದೇನಲ್ಲ. ಸನ್ಮಾನ ನಿಲ್ಲಬೇಕಾಗಿಲ್ಲ, ಶಾಲಿಗೂ ಅದರ ಮರ್ಯಾದೆಯಿದೆ. ಆದರೆ ವೇದಿಕೆಯ ಮೇಲೆ ಒಂದು ಈಸೆಲ್ ಇರಲಿ, ಅದರ ಮೇಲೆ ಚಿತ್ರವಿರಲಿ, ಅದನ್ನು ಬರೆದ ಹುಡುಗಿಗೆ ಹತ್ತು ನಿಮಿಷ ಮಾತಾಡಲು ಬಿಡಲಿ. ವರದಿಯಲ್ಲಿ ಚಿತ್ರದ ಹೆಸರು, ಮಾಧ್ಯಮ, ಅಳತೆ, ಕಲಿಸಿದವರ ಹೆಸರು ಮೊದಲ ಪ್ಯಾರಾದಲ್ಲಿಯೇ ಬರಲಿ. ನಾನು ನಿವೃತ್ತನಾದ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳ ಕೆಲಸಗಳನ್ನು ಹೀಗೆಯೇ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಕಳೆದ ದೀಪಾವಳಿಗೆ ಪುಣೆಯಿಂದ ಫೋನ್ ಮಾಡಿದ, ಈಗ ತಾನೂ ಚಿತ್ರಕಲಾ ಶಿಕ್ಷಕಿಯಾಗಿರುವ ಆ ಹುಡುಗಿಯನ್ನು ನಲ್ಲಿಯ ಚಿತ್ರದ ಅಳತೆ ಎಷ್ಟಿತ್ತಮ್ಮ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರಡಿಗೆ ನಾಲ್ಕಡಿ, ಸರ್. ಕೂತಿದ್ದವರು ನನ್ನ ಅಮ್ಮ" ಅಂದಳು. ಪುಸ್ತಕದಲ್ಲಿ ಹಾಗೆಯೇ ಬರೆದೆ: ಚಾಳಿನ ನಲ್ಲಿ, ಕ್ಯಾನ್ವಾಸಿನ ಮೇಲೆ ತೈಲವರ್ಣ, ಮೂರಡಿಗೆ ನಾಲ್ಕಡಿ, 1998, ಕೂತವರು ತಾಯಿ, ಚಿತ್ರ ಈಗ ಇನ್ನೊಂದು ಚಿತ್ರದ ಕೆಳಗಿದೆ.