ನಿಮ್ಮ ಖುಷಿ ಸಾರ್

ಟ್ಯಾಬ್ಲೆಟ್ ಅಂದರೆ ನಮ್ಮ ವಯಸ್ಸಿನವರು ಬಿಪಿಗೆ ನುಂಗುವುದು. ಬಿಪಿ ಏರಿಸುವ ಟ್ಯಾಬ್ಲೆಟ್ಟೂ ಇದೆ ಅಂತ ಹೋದ ವಾರ ಗೊತ್ತಾಯಿತು.

ಅಕ್ಕನ ಮಗಳ ರಿಸೆಪ್ಷನ್ ಇತ್ತು. "ಈ ಸಲವಾದರೂ ಒಳ್ಳೇ ಕಡೆ ಕಟಿಂಗ್ ಮಾಡಿಸಿಕೊಂಡು ಬನ್ನಿ" ಎಂದು ಮನೆಯವರ ಅಪ್ಪಣೆ ಆಯಿತು. ಹೋದೆ. ಏಸಿ ಸಲೂನು. ಬಾಗಿಲಲ್ಲೇ ಗ್ರೀನ್ ಟೀ ಕುಡೀತೀರಾ ಎಂದರು. ಜೂನಿಯರ್ ಸ್ಟೈಲಿಸ್ಟ್ ಬೇಕಾ, ಸೀನಿಯರ್ ಬೇಕಾ ಎಂದೂ ಕೇಳಿದರು. ನನ್ನ ತಲೆ ನೋಡಿದ ಮೇಲೂ ಹಾಗೆ ಕೇಳಿದ್ದು ಅವರ ದೊಡ್ಡ ಗುಣ. ಇರುವಷ್ಟಕ್ಕೆ ಜೂನಿಯರ್ ಸಾಕು ಎಂದೆ. 600 ರೂಪಾಯಿ.

ಎಲ್ಲ ಮುಗಿದು ಕೌಂಟರಿಗೆ ಬಂದರೆ ಮ್ಯಾನೇಜರು ಆ ಟ್ಯಾಬ್ಲೆಟನ್ನು ನನ್ನ ಕಡೆ ತಿರುಗಿಸಿಟ್ಟು, ಹುಡುಗಿ ಫೋಟೊ ಕೊಟ್ಟ ಮದುವೆ ಬ್ರೋಕರ್ ಥರ ಬೇರೆ ಕಡೆ ನೋಡುತ್ತಾ ನಿಂತ. ಮೂರು ದಪ್ಪ ಹಸಿರು ಬಟನ್. 10, 15, 20 ಪರ್ಸೆಂಟ್. ಅದರ ಕೆಳಗೆ, ಇನ್ಶೂರೆನ್ಸ್ ಷರತ್ತಿನ ಸೈಜಿನ ಅಕ್ಷರದಲ್ಲಿ, 'ಟಿಪ್ಸ್ ಬೇಡ'. ಪಕ್ಕದಲ್ಲಿ ಒಂದು ಅಳುವ ಮುಖ. ಅತ್ತ ಕಟಿಂಗ್ ಮಾಡಿದ ಹುಡುಗ ಪೊರಕೆ ಹಿಡಿದು ನಿಂತಿದ್ದಾನೆ. ಪೊರಕೆ ಮುಂದೆ ನನ್ನದೇ ಕೂದಲು, ಮುಕ್ಕಾಲು ಪಾಲು ಬಿಳಿ. ಇತ್ತ ನನ್ನ ಬೆನ್ನಿಗೆ ಇಬ್ಬರು ಹೆಂಗಸರು ಬಿಲ್ ಕೊಡಲು ಕಾಯುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಅಳುವ ಮುಖ ಒತ್ತುವ ಗಂಡಸು ಇನ್ನು ಹುಟ್ಟಿ ಬರಬೇಕಷ್ಟೆ. 15 ಒತ್ತಿದೆ. 94 ರೂಪಾಯಿ 50 ಪೈಸೆ.

ರಸ್ತೆಗೆ ಬಂದ ಮೇಲೆ ತಲೆ ಓಡಿತು. ಭಾರ ಕಡಿಮೆ ಆಗಿತ್ತಲ್ಲ. 600ಕ್ಕೆ 15 ಪರ್ಸೆಂಟ್ ಅಂದರೆ 90. ಮೇಲಿನ ನಾಲ್ಕೂವರೆ ರೂಪಾಯಿ ಯಾಕೆ? ಬಿಲ್ಲಿನಲ್ಲಿ 30 ರೂಪಾಯಿ ಜಿಎಸ್‌ಟಿ ಇತ್ತಲ್ಲ, ಅದಕ್ಕೆ ಟಿಪ್ಸು! ತೆರಿಗೆ ಕಟ್ಟಿದ್ದೂ ಅಲ್ಲದೆ, ತೆರಿಗೆ ಬಹಳ ಅಚ್ಚುಕಟ್ಟಾಗಿ ಹಾಕಿದ್ದೀರಿ ಎಂದು ಭಕ್ಷೀಸು ಬೇರೆ. ಹಣಕಾಸು ಸಚಿವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು, ನಮ್ಮವರೇ ಅಲ್ವಾ ಅಂದುಕೊಂಡು ಸುಮ್ಮನಾದೆ.

ಆ ಜಿಎಸ್‌ಟಿ ಕಥೆ ನಿಮಗೆ ಗೊತ್ತಿರುವುದೇ. 2025ರ ಸೆಪ್ಟೆಂಬರ್ 22ರಿಂದ ಸಲೂನಿನ ತೆರಿಗೆ 18ರಿಂದ 5 ಪರ್ಸೆಂಟಿಗೆ ಇಳಿಯಿತು. ಪೇಪರಿನಲ್ಲಿ ಓದಿ ನಾನೂ ತಲೆ ಸವರಿಕೊಂಡಿದ್ದೆ. ನಮ್ಮ ಮನೆಯಲ್ಲಿ ಹಳೇ ಬಿಲ್ ಎಸೆಯುವ ಪದ್ಧತಿ ಇಲ್ಲ. ತೆರಿಗೆ ಇಳಿಯುವ ಮೊದಲು ಮಗ ಅದೇ ಸಲೂನಿನಲ್ಲಿ ಮಾಡಿಸಿದ್ದ ಕಟಿಂಗಿನ ಬಿಲ್ ಸಿಕ್ಕಿತು. ರೇಟು 540, ತೆರಿಗೆ 97.20, ಒಟ್ಟು 637.20. ಈಗ ರೇಟು 600, ತೆರಿಗೆ 30, ಒಟ್ಟು 630. ದೇಶಕ್ಕೆ ದೇಶವೇ ಹಬ್ಬ ಮಾಡಿದ ತೆರಿಗೆ ಇಳಿಕೆಯಲ್ಲಿ ನನ್ನ ಪಾಲಿಗೆ ಬಂದದ್ದು 7 ರೂಪಾಯಿ 20 ಪೈಸೆ. ಫೋನ್ ಮಾಡಿ ಕೇಳಿದರೆ, "ಇನ್‌ಪುಟ್ ಕ್ರೆಡಿಟ್ ತೆಗೆದುಬಿಟ್ರಲ್ಲ ಸರ್" ಎಂದರು. ಅಂದರೆ ಸಲೂನಿನವರು ತಾವು ಕೊಂಡದ್ದಕ್ಕೆ ಕಟ್ಟಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳುವ ಸೌಲಭ್ಯ. ಅದೂ ನಿಜವೇ, ತೆಗೆದಿದ್ದಾರೆ. ಆ ಏಳೂ ಚಿಲ್ಲರೆ ಜೇಬಲ್ಲಿ ಕೊಳೆಯಬಾರದು ಎಂದು ಈ ಹಸಿರು ಬಟನ್ ಇಟ್ಟಿರಬೇಕು.

ಟಿಪ್ಸಿನ ಗಲಾಟೆ ದೆಹಲಿವರೆಗೂ ಹೋಗಿದೆ. ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು 2022ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು. ಹೋಟೆಲ್ ಸಂಘದವರು ಕೋರ್ಟಿಗೆ ಹೋದರು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸೋತರು. ಎರಡೇ ತಿಂಗಳಿಗೆ ಊಬರಿನ ಮುಂಗಡ ಟಿಪ್ಸ್ ಬಂತು, ಟ್ಯಾಕ್ಸಿ ಹತ್ತುವ ಮೊದಲೇ ಟಿಪ್ಸ್ ಕೇಳುವುದು. ನಮ್ಮ ಧಾರವಾಡದ ಸಂಸದ, ಗ್ರಾಹಕರ ಖಾತೆಯ ಪ್ರಲ್ಹಾದ ಜೋಶಿಯವರು ಸಿಟ್ಟಾದರು. ಟಿಪ್ಸ್ ಅನ್ನುವುದು ಕೆಲಸ ಆದಮೇಲೆ ಮೆಚ್ಚಿ ಕೊಡುವಂಥದ್ದು, ಹಕ್ಕಿನ ಬಾಬತ್ತಲ್ಲ ಎಂದರು. ನೋಟಿಸೂ ಹೋಯಿತು. ಸಂತೋಷ. ಆದರೆ ಆ ಮೊದಲಿನ ನಿಯಮ ಹೊಟ್ಟೆಗೆ, ಎರಡನೆಯ ನೋಟಿಸು ಟ್ಯಾಕ್ಸಿಗೆ. ತಲೆಯನ್ನು ಕೇಳುವವರು ಯಾರೂ ಇಲ್ಲ.

ಅದೂ ಅಲ್ಲದೆ, ಮೆಚ್ಚಿ ಕೊಡಬೇಕು ಅಂತಾರಲ್ಲ, ಕಟಿಂಗನ್ನು ಮೆಚ್ಚುವುದು ಯಾವಾಗ? ಕೊನೆಯಲ್ಲಿ ಒಂದು ಸಣ್ಣ ಕನ್ನಡಿಯನ್ನು ತಲೆಯ ಹಿಂದೆ ಹಿಡಿದು "ಓಕೆನಾ ಸರ್?" ಅಂತಾರೆ. ಕಣ್ಣಿಗೆ ಕನ್ನಡಕ ಇರುವುದಿಲ್ಲ, ಅದನ್ನು ಮೊದಲೇ ತೆಗೆಸಿರುತ್ತಾರೆ. ಮಂಜು ಮಂಜಾಗಿ ಒಂದು ತೆಂಗಿನಕಾಯಿ ಕಾಣುತ್ತದೆ. ಅದು ನನ್ನದೇ ಇರಬೇಕು ಎಂಬ ನಂಬಿಕೆಯ ಮೇಲೆ ಗೋಣು ಹಾಕುತ್ತೇವೆ. ಐವತ್ತು ವರ್ಷದಲ್ಲಿ ಆ ಕನ್ನಡಿಗೆ 'ಚೆನ್ನಾಗಿಲ್ಲ' ಎಂದವರನ್ನು ನಾನು ನೋಡಿಲ್ಲ. ಅಂದರೂ ಏನು ಮಾಡುವುದು? ಕತ್ತರಿಸಿದ್ದನ್ನು ವಾಪಸ್ ಅಂಟಿಸುತ್ತಾರಾ? ನಿಜವಾದ ತೀರ್ಪು ಬರುವುದು ಮನೆಯಲ್ಲಿ. "ಎಡಗಿವಿ ಮೇಲೆ ಅದೇನ್ರೀ, ಜುಟ್ಟು ಬಿಟ್ಟಿದ್ದಾರೆ?"

ರಿಸೆಪ್ಷನ್ನಿನಲ್ಲಿ ಇದನ್ನೆಲ್ಲ ಹೇಳಿಕೊಂಡರೆ, ಡಲ್ಲಾಸಿನಿಂದ ಬಂದಿದ್ದ ಅಕ್ಕನ ಮಗ ನಕ್ಕ. "ಇಷ್ಟಕ್ಕೇ ಹೀಗಾದ್ರೆ ಹೇಗೆ ಮಾಮ? ಅಲ್ಲಿ 20 ಪರ್ಸೆಂಟ್ ಕೊಡದಿದ್ರೆ ಮುಂದಿನ ಸಲ ಆ ಕಡೆ ತಲೆ ಹಾಕೋ ಹಾಗಿಲ್ಲ." ಹಾಗಾಗಿ ಅವನು ಅಲ್ಲಿ ತಲೆ ಹಾಕುವುದೇ ಇಲ್ಲ. ಮನೆಯಲ್ಲೇ ಹೆಂಡತಿ ಮೆಷಿನ್ ಹೊಡೆಯುತ್ತಾಳೆ. ಟಿಪ್ಸ್ ಸಿಗುವ ಕೆಲಸದವರಿಗೆ ಆ ದೇಶದ ಮಾಲೀಕ ತನ್ನ ಕೈಯಿಂದ ಕೊಡಲೇಬೇಕಾದ ಫೆಡರಲ್ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅಷ್ಟೇ ಇದೆ. ಉಳಿದದ್ದು ಗಿರಾಕಿಯ ಮನಸ್ಸಾಕ್ಷಿಗೆ ಬಿಟ್ಟದ್ದು. ಟಿಪ್ಸ್ ಸಾಲದೆ ಹೋದರೆ ಮಾತ್ರ ಮಾಲೀಕ 7.25ರವರೆಗೆ ತುಂಬಿಕೊಡಬೇಕು. ನಾವು ಅಲ್ಲಿಂದ ಏನೇನೋ ತರಿಸಿಕೊಂಡೆವು, ಇದೊಂದು ಬಾಕಿ ಇತ್ತು.

ಅವತ್ತು ಸಲೂನಿನ ಕೆಳಗೆ ಆಟೋ ಕಾಯುತ್ತಿದ್ದಾಗ ಆ ಹುಡುಗ ಟೀ ಕುಡಿಯಲು ಇಳಿದು ಬಂದ. ರಾಯಚೂರಿನ ಕಡೆಯವನು. ಟಿಪ್ಸ್ ಸಿಕ್ತೇನಪ್ಪ ಎಂದು ಕೇಳಿದೆ.

"ಅದು ಓನರ್ ಅಕೌಂಟಿಗೆ ಹೋಗ್ತದ್ರಿ ಸರ. ತಿಂಗಳಾ ಕೊನಿಗೆ ಹಂಚ್ತೀವಿ ಅಂತಾರ."

"ಹಂಚ್ತಾರಾ?"

ಅವನು ಉತ್ತರ ಕೊಡಲಿಲ್ಲ. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿ, ಗೋಡೆಗೆ ಒರಗಿ ಟೀ ಊದಿದ.

ಏಸಿಗೆ ದುಡ್ಡಿದೆ. ಗೋಡೆ ತುಂಬ ಕನ್ನಡಿಗೆ ದುಡ್ಡಿದೆ. ಯಾರೂ ಕುಡಿಯದ ಗ್ರೀನ್ ಟೀಗೂ ದುಡ್ಡಿದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುವ ಹುಡುಗನಿಗೆ ಸಂಬಳ ಜಾಸ್ತಿ ಮಾಡುವಾಗ ಮಾತ್ರ ನನ್ನ ಮುಂದೆ ಅಳುವ ಮುಖ ಹಿಡಿಯುತ್ತೀರಿ. ಅವನ ಹೆಸರಿನಲ್ಲಿ ನನ್ನ ಹತ್ತಿರ ಬೇಡಿ, ಬಂದದ್ದನ್ನು ನಿಮ್ಮ ಗಲ್ಲಾಕ್ಕೆ ಹಾಕಿಕೊಳ್ಳುತ್ತೀರಿ. ಥೂ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಹಿಂದೆ ಎಲ್ಲ ಚೆನ್ನಾಗಿತ್ತು ಅಂತಲೂ ಹೇಳುತ್ತಿಲ್ಲ. ತುಮಕೂರು ಕಡೆ ನಮ್ಮಜ್ಜನ ಊರಲ್ಲಿ ಹನ್ನೆರಡು ಆಯಗಾರರಲ್ಲಿ ಕ್ಷೌರದವರೂ ಒಬ್ಬರು. ವರ್ಷವಿಡೀ ಮನೆ ಮಂದಿಯ ತಲೆ, ಗಡ್ಡ. ಸುಗ್ಗಿಯಲ್ಲಿ ಕಣದ ಹತ್ತಿರ ಬಂದರೆ ರಾಗಿ. ಎಷ್ಟು ಕೊಳಗ ಅಂತ ಹೇಳುವವರು ಅಜ್ಜ, ಅಳೆಯುವವರೂ ಅಜ್ಜ. ಆತ ಮಾತ್ರ ಟವೆಲ್ ಹರಡಿಕೊಂಡು "ನಿಮ್ಮ ಖುಷಿ ಬುದ್ಧಿ" ಎನ್ನಬೇಕು. ಅಜ್ಜನ ಖುಷಿ ಬೆಳೆ ಚೆನ್ನಾಗಿ ಬಂದ ವರ್ಷವೂ ಬಹಳ ಹೆಚ್ಚುತ್ತಿರಲಿಲ್ಲವಂತೆ, ಅಜ್ಜಿಯೇ ಹೇಳುತ್ತಿದ್ದಳು.

ನಿನ್ನೆ ಆ ಎಡಗಿವಿಯ ಜುಟ್ಟು ಹಿಡಿದುಕೊಂಡು ನಮ್ಮ ಬೀದಿಯ ಹಳೇ ಅಂಗಡಿಗೆ ಹೋದೆ. ಮಂಗಳವಾರ ರಜಾ, ಅದಕ್ಕೇ ಒಂದು ದಿನ ತಡ. ಗೋಡೆಯ ಮೇಲೆ ಅಣ್ಣಾವ್ರ ಫೋಟೊ, ನೀರಿನ ಸ್ಪ್ರೇ ಬಾಟಲಿ, ಹಳೇ ಪೇಪರು. ಯಜಮಾನರು ಬಗ್ಗಿ ನೋಡಿ, ಎಲ್ಲಿ ಮಾಡಿಸಿದಿರಿ ಅಂತಲೂ ಕೇಳದೆ, ಎರಡು ಸಲ ಕತ್ತರಿ ಆಡಿಸಿದರು. ಸರಿಹೋಯಿತು. ಇದಕ್ಕೇನು ದುಡ್ಡು ಸಾರ್ ಎಂದರು. ನನಗೆ ಹೃದಯ ತುಂಬಿಬಂತು. ಶೇವಿಂಗೂ ಮಾಡಿ ಎಂದೆ. ಮುಗಿದ ಮೇಲೆ ನೂರರ ನೋಟು ಕೊಟ್ಟು, ಅಕ್ಕಪಕ್ಕದವರಿಗೂ ಕೇಳಲಿ ಎನ್ನುವಷ್ಟು ಗಟ್ಟಿಯಾಗಿ, "ಚಿಲ್ಲರೆ ಬೇಡ, ಇಟ್ಕೊಳ್ಳಿ" ಎಂದೆ. ಶೇವಿಂಗಿಗೆ 80, ಮೇಲಿನ 20 ನನ್ನ ದಾನ. ಯಾವಾಗಲೂ ಹಾಗೇ ಕೊಡುವುದು.

ಅವರು ನೋಟು ತೆಗೆದುಕೊಂಡು ಸ್ವಲ್ಪ ಹೊತ್ತು ಬ್ರಷ್ ತೊಳೆದರು.

"ಸಾರ್, ಬೇಜಾರು ಮಾಡ್ಕೋಬೇಡಿ. ಶೇವಿಂಗ್ ನೂರು ರೂಪಾಯಿ ಆಗಿ ಎಂಟು ತಿಂಗಳಾಯ್ತು. ನೀವು ಪ್ರತಿ ಸಲ 'ಇಟ್ಕೊಳ್ಳಿ' ಅಂತೀರ. ಹೇಗೆ ಹೇಳೋದು ಅಂತ ಸುಮ್ನಿದ್ದೆ."

ತಿರುಗಿ ನೋಡಿದೆ. ರೇಟಿನ ಬೋರ್ಡು ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲೇ ಇತ್ತು. ಎಂಟು ತಿಂಗಳಿಂದ ಕನ್ನಡಿಯಲ್ಲಿ ಉಲ್ಟಾ ಕಾಣುತ್ತಿತ್ತು, ಅದೂ ಕನ್ನಡಕ ಇಲ್ಲದೆ.