ಚೊಕ್ಕ ತೋಟವೆಂಬ ಹಟ

ಸ್ಪೇನಿನ ದಕ್ಷಿಣಕ್ಕಿರುವ ಆಂಡಲೂಸಿಯಾದ ಕೊರ್ಡೊಬಾದಲ್ಲಿ ನಾನು ನೆಲೆಸಿ ಆರು ವರ್ಷಗಳಾದವು. ಇಲ್ಲಿಂದ ಪೂರ್ವಕ್ಕೆ ಹಾಯೆನ್ ಜಿಲ್ಲೆಯತ್ತ ಹೊರಟರೆ ಕಣ್ಣು ಹಾಯುವಷ್ಟೂ ಗುಡ್ಡಗಳ ಮೇಲೆ ಆಲಿವ್ ಮರಗಳೇ. ಆ ಒಂದು ಜಿಲ್ಲೆಯಲ್ಲೇ 6 ಕೋಟಿಗೂ ಹೆಚ್ಚು ಮರಗಳಿವೆ. ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ ಬೆಳೆದ ನನ್ನ ಗಮನ ಮೊದಲು ಹೋದದ್ದು ಮರದ ಬುಡದ ಕಡೆಗೆ. ಇಳಿಜಾರಿನ ಹಳೆಯ ಮರಗಳು ಪೀಠದ ಮೇಲೆ ಇಟ್ಟಂತೆ ಮಣ್ಣಿನ ಗುಡ್ಡೆಯ ಮೇಲೆ ನಿಂತಿರುತ್ತವೆ. ಬುಡಕ್ಕೆ ಮಣ್ಣು ಏರಿಸಿದ್ದಾರೆಂದು ನಾನು ತಿಳಿದಿದ್ದೆ. ಬೇರು ಹಿಡಿದುಕೊಂಡಷ್ಟು ಮಣ್ಣು ಮಾತ್ರ ಅಲ್ಲಿ ಉಳಿದಿದೆ, ಸಾಲುಗಳ ನಡುವಿನದು ಉಳುಮೆಯಿಂದ ಸಡಿಲಗೊಂಡು ತಲೆಮಾರುಗಳ ಮಳೆಗೆ ಕೊಚ್ಚಿಹೋಗಿದೆ ಎಂಬುದು ಆಮೇಲೆ ಗೊತ್ತಾಯಿತು.

ವರ್ಷಕ್ಕೆ ಮೂರು ನಾಲ್ಕು ಸಲ ಉಳುವುದಕ್ಕೆ ಇಲ್ಲಿನವರಿಗೆ ಕಾರಣವಿಲ್ಲದೆ ಇರಲಿಲ್ಲ. ಬೇಸಿಗೆಯಲ್ಲಿ ಹನಿ ಮಳೆ ಬೀಳದ ನಾಡಿನಲ್ಲಿ ಹುಲ್ಲು ಕುಡಿಯುವ ನೀರು ಮರಕ್ಕೆ ತಪ್ಪಿದ ನೀರೇ. ಅದರ ಜೊತೆಗೆ, ಕಸಕಡ್ಡಿಯಿಲ್ಲದ ತೋಟವೇ ಒಳ್ಳೆಯ ರೈತನ ಗುರುತು ಎಂಬ ಅಭಿಮಾನವೂ ಸೇರಿತ್ತು. ನಮ್ಮೂರಿನಲ್ಲಿಯೂ ಹುಲ್ಲು ಎದ್ದ ತೋಟವನ್ನು ಕಂಡವರು "ಯಾಕಣ್ಣ, ತ್ವಾಟ ಪಾಳು ಬಿಟ್ಬುಟ್ರಾ?" ಎಂದು ಕೇಳದೆ ಮುಂದೆ ಹೋಗುವುದಿಲ್ಲ.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿನ ಅನೇಕರು ಉಳುಮೆ ಬಿಟ್ಟು ಕಳೆನಾಶಕ ಸಿಂಪಡಿಸಿ ನೆಲವನ್ನು ಬೋಳಾಗಿ ಇಟ್ಟರು. ಉಳುಮೆಯೇನೋ ನಿಂತಿತು, ಆದರೆ ಬೋಳು ನೆಲ ಹೆಪ್ಪುಗಟ್ಟಿ ಮಳೆನೀರು ಇಂಗದೆ ಹರಿಯಿತು, ಕೊರಕಲುಗಳು ಬಿದ್ದವು, ಔಷಧಿಯ ಅಂಶ ಜಲಾಶಯಗಳನ್ನೂ ಸೇರಿತು. ನಮ್ಮಲ್ಲಿ "ಶೂನ್ಯ ಉಳುಮೆ" ಎಂದು ಉತ್ಸಾಹದಿಂದ ಮಾತನಾಡುವವರು ಗಮನಿಸಬೇಕಾದ ಭಾಗ ಇದು. ಈಗ ಇಲ್ಲಿನ ರೈತರು ಸಾಲುಗಳ ನಡುವೆ ತಾನಾಗಿ ಹುಟ್ಟಿದ ಹುಲ್ಲನ್ನೋ ಬಿತ್ತಿದ ಬಾರ್ಲಿಯನ್ನೋ ಚಳಿಗಾಲದ ಮಳೆಯುದ್ದಕ್ಕೂ ಬೆಳೆಯಲು ಬಿಟ್ಟು, ಮಾರ್ಚ್-ಏಪ್ರಿಲ್ ವೇಳೆಗೆ, ಅದು ಮರದ ಪಾಲಿನ ನೀರಿಗೆ ಬಾಯಿ ಹಾಕುವ ಮೊದಲೇ, ಕತ್ತರಿಸಿ ಅಲ್ಲೇ ಹಾಸುತ್ತಾರೆ. ಸವರಿದ ಕೊಂಬೆಗಳನ್ನೂ ಸುಡದೆ ಚೂರು ಮಾಡಿ ಹರಡುತ್ತಾರೆ. ಕತ್ತರಿಸುವುದು ಹದಿನೈದು ದಿನ ತಡವಾದರೂ ಫಸಲಿಗೆ ಪೆಟ್ಟು ಬೀಳಬಹುದು, ಆದ್ದರಿಂದ ಇದು ಸೋಮಾರಿಯ ಬೇಸಾಯವಲ್ಲ.

ನೆಲ ಹೊದಿಸುವುದನ್ನು ನಾವು ಯುರೋಪಿನಿಂದ ಕಲಿಯಬೇಕಾಗಿಯೂ ಇಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಅಡಿಕೆ ಮರದ ಬುಡಕ್ಕೆ ಹಾಸುವ ಮಲೆನಾಡಿನವರಿಗೆ ಅದು ಅಜ್ಜನ ಕಾಲದ ಕೆಲಸ. ಬಯಲುಸೀಮೆಯ ತೆಂಗಿನ ತೋಟಗಳಲ್ಲಿ ಮಾತ್ರ ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರಿನ ಸದ್ದು ಹೆಚ್ಚಿದೆ. ಕಳೆದ ಬಾರಿ ಊರಿಗೆ ಹೋದಾಗ ರೋಟವೇಟರ್ ಹಾದ ಸಾಲಿನಲ್ಲಿ ಬಗ್ಗಿ ನೋಡಿದೆ. ಪೆನ್ಸಿಲ್ ಗಾತ್ರದ ತೆಂಗಿನ ಬೇರುಗಳು ತುಂಡಾಗಿ ಪುಡಿಮಣ್ಣಿನಲ್ಲಿ ಚೆಲ್ಲಿದ್ದವು. ತೆಂಗಿನ ಬಹುಪಾಲು ಬೇರು ಬುಡದ ಸುತ್ತ ಎರಡು ಮೀಟರಿನೊಳಗೇ ಇರುವಾಗ ಅಲ್ಲಿಯವರೆಗೂ ಟ್ರ್ಯಾಕ್ಟರ್ ನುಗ್ಗಿಸುವುದೇಕೆ?

2023ರಿಂದ ಸ್ಪೇನಿನಲ್ಲಿ ಹೀಗೆ ನೆಲ ಹೊದಿಸಿದ ತೋಟಗಳಿಗೆ ಯುರೋಪಿಯನ್ ಒಕ್ಕೂಟದ ಕೃಷಿ ನೀತಿಯಡಿ ಹೆಕ್ಟೇರ್ ಲೆಕ್ಕದಲ್ಲಿ ಹಣ ಸಿಗುತ್ತದೆ, ಇಳಿಜಾರು ಹೆಚ್ಚಿದ್ದರೆ ಹಣವೂ ಹೆಚ್ಚು. ನಮ್ಮಲ್ಲಿ ರೋಟವೇಟರ್ ಕೊಳ್ಳಲು ಸಹಾಯಧನವಿದೆ. ಉಳದೆ ಮಣ್ಣು ಉಳಿಸಿದವನಿಗೂ ಅಂಥದ್ದೇ ನೆರವು ಇರಬೇಕೆಂಬುದು ನನ್ನ ವಾದ. ಆದರೆ ಅವರ ಪಂಚಾಂಗವನ್ನು ನಾವು ನಕಲು ಮಾಡುವಂತಿಲ್ಲ. ನಮ್ಮ ಹೊದಿಕೆ ಬೆಳೆ ಮುಂಗಾರಿಗೆ ಹುಟ್ಟಿ, ಹಿಂಗಾರಿನ ಕೊನೆಯ ಹದ ಆರುವ ಮೊದಲು ನೆಲಕ್ಕೆ ಬೀಳಬೇಕು.

ನನ್ನ ತಮ್ಮ ಈ ಸಲ ನಾಲ್ಕು ಸಾಲು ಉಳದೆ ಹುರುಳಿ, ಅಲಸಂದೆ ಚೆಲ್ಲಿದ್ದಾನೆ. ಬಳ್ಳಿ ಹಬ್ಬಿದ ಮೇಲೆ ಬಿದ್ದ ಕಾಯಿ ಕಾಣುವುದಿಲ್ಲ, ಹಾವಿನ ಭಯಕ್ಕೆ ಆಯಲು ಆಳು ಒಳಗೆ ಇಳಿಯುವುದಿಲ್ಲ ಎಂಬುದು ಅವನ ದೂರು. ಆಲಿವ್ ಬೆಳೆಯುವವರಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಸದ್ಯಕ್ಕೆ ಅವನು ಮರದ ಸುತ್ತ ಎರಡು ಮೀಟರ್ ಮಾತ್ರ ಕೈಯಲ್ಲಿ ಸವರಿಸಿ, ಅಲ್ಲಿಗೆ ಕಾಯಿಮಟ್ಟೆ ಮುಚ್ಚಿಸುತ್ತಿದ್ದಾನೆ.