ಯಾದಗಿರಿ ಸೊನ್ನೆ ಆದ ದಿನ

ನಮ್ಮ ಕಡಿ ಮೇ ತಿಂಗಳದಾಗ ತಲಿ ಓಡಂಗಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ, ಮುಂದ ಆಗಿದ್ದಕ್ಕ ನನ್ ಕಡಿ ಇರೋ ನೆಪ ಅದೊಂದೇ. ಕಲಬುರಗಿಯಾಗ ನಾ ದುಡೀತಿದ್ದ ಸಣ್ಣ ಸಂಸ್ಥಾದಾಗ ಮರುದಿನ ಮೀಟಿಂಗ್ ಇತ್ತು. ಸಂಜಿ ಆರಕ್ಕ ಸರ್ ಬಂದು "ಬೀದರ, ಕಲಬುರಗಿ, ಯಾದಗಿರಿ ಮೂರೂ ಜಿಲ್ಲಾದ್ದು ಸಾಕ್ಷರತಾ ಒಂದು, ಜನಸಂಖ್ಯಾ ಒಂದು, ಎರಡು ಚಾರ್ಟ್ ಮಾಡಿಡ್ರಿ, ನೋಡಿದ್ ಕೂಡ್ಲೇ ತಿಳೀಬೇಕು" ಅಂದವರೇ ಹೊಂಟೇಬಿಟ್ರು. ಅವರು ಹೋದ್ರು, ಹಿಂದಿಂದ ಕರೆಂಟೂ ಹೋತು.

ಸಾಕ್ಷರತಾದ್ದು ಮೊದಲು ಹಿಡಿದೆ. 2011ರ ಜನಗಣತಿ ಪ್ರಕಾರ ಬೀದರ 70.51, ಕಲಬುರಗಿ 64.85, ಯಾದಗಿರಿ 51.83. ಎಕ್ಸೆಲ್ ಪಾಪ ತಾನಾಗೇ ಸೊನ್ನೆಯಿಂದ ಕಂಬ ನಿಲ್ಸಿತ್ತು, ಮೂರೂ ಅಣ್ಣ ತಮ್ಮರಂಗ ಕಂಡ್ವು. ಫರಕ್ ಎದ್ದು ಕಾಣವಲ್ದಲ್ಲ ಅಂತ ನಾನೇ ಶಾಣ್ಯಾ ಆಗಿ ಅಳತಿ 50ರಿಂದ ಶುರು ಮಾಡ್ದೆ. ಬೀದರ ಕೋಟಿ ಬುರುಜಿನಂಗ ನಿಂತ್ತು, ಯಾದಗಿರಿ ಹೊಸ್ತಿಲಿನಂಗ ನೆಲಕ್ಕ ಮಲ್ಕೊಂಡ್ತು. ಖರೆ ಲೆಕ್ಕದಾಗ ಬೀದರ ಒಂದೂವರಿ ಪಟ್ಟೂ ಇಲ್ಲ, ನನ್ ಚಿತ್ರದಾಗ ಹನ್ನೊಂದು ಪಟ್ಟು. ನನಗ ಆಗ ಅದು ಭಾಳ ಚಂದ ಕಂಡ್ತು ನೋಡ್ರಿ.

ಜನಸಂಖ್ಯಾಕ್ಕ ಬಂದ್ರ 2001ರಿಂದ 2011ರ ತನ ಗೆರಿ ಎಳೀಬೇಕಿತ್ತು, ಆದ್ರ 2001ರ ಸಾಲಿನಾಗ ಯಾದಗಿರಿ ಮುಂದ ಏನೂ ಇಲ್ಲ. ಖಾಲಿ ಮನಿ ಚಂದ ಕಾಣಲ್ಲ ಅಂತ ಒಂದು ಸೊನ್ನೆ ಒತ್ತಿದೆ, ಖಾಲಿ ಬಿಟ್ಟಿದ್ರ ಗೆರಿ ಅಲ್ಲೇ ತುಂಡಾಗಿ ಮರ್ಯಾದಿ ಉಳೀತಿತ್ತು. ಮ್ಯಾಲ ಲ್ಯಾಪ್‌ಟಾಪಿನಾಗ ಚಾರ್ಜ್ ಕೊನಿಗೆ ಬಂದಿತ್ತು, ಅವಸರದಾಗ ತಲಿಬರಹ "ಚಾರ್ಟ್ ಟೈಟಲ್" ಅಂತಾನೇ ಉಳೀತು, ಸೈಡಿನಾಗ ಸಂಖ್ಯಾ ಲಕ್ಷದಾಗೋ ಸಾವಿರದಾಗೋ ಅಂತ ಬರೀಲೇ ಇಲ್ಲ.

ಮರುದಿನ ಮುಂಜಾನಿ ಝೆರಾಕ್ಸ್ ಅಂಗಡ್ಯಾಗ ಕಲರ್ ಇಲ್ಲ. ನನ್ನ ಕೆಂಪು, ಹಸಿರು, ನೀಲಿ ಗೆರಿ ಮೂರೂ ಒಂದೇ ಬೂದಿ ಬಣ್ಣ ಆಗಿ ಹೊರಗ ಬಂದ್ವು.

ಮೀಟಿಂಗಿನಾಗ ಸರ್ ಹಾಳಿ ಹಿಂಗ ತಿರುವಿ ಹಂಗ ತಿರುವಿ ಒಂದು ಗೆರಿ ಮ್ಯಾಲ ಬಟ್ಟಿಟ್ಟು, "ಇದು ಯಾವುದ್ರೀ ಇಳ್ಯಾಕತ್ತಿದ್ದು?" "ಕಲಬುರಗಿ ಸರ್, 31.3 ಲಕ್ಷದಿಂದ 25.7 ಲಕ್ಷ." "ಹತ್ತು ವರ್ಷದಾಗ ಐದೂವರಿ ಲಕ್ಷ ಮಂದಿ ಎಲ್ಲಿ ಹೋದ್ರು, ಎಲ್ಲಾರೂ ಪುಣೆಕ್ಕ ದುಡೀಲಕ ಹೋದ್ರೇನು?" ನಾ ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ಅಷ್ಟರಾಗ ಶಹಾಪುರದ ಅಣ್ಣ ಒಬ್ಬರು ಹಿಂದಿಂದ, "ನಿಮ್ಮ ಪುಣೆ ಇರ್ಲಿ ಸರ್, 2001ರಾಗ ಯಾದಗಿರಿಯಾಗ ಮಂದೀನೇ ಇದ್ದಿಲ್ಲಂತ ಇಲ್ಲಿ. ಆ ವರ್ಷ ಶಹಾಪುರದಾಗ ಎಸ್ಸೆಸ್ಸೆಲ್ಸಿ ಪಾಸಾದವ ಯಾರು, ನನ್ ದೆವ್ವೇನು?"

ಮಂದಿ ನಕ್ಕಿದ್ದು ಕೆಳಗ ಚಹಾದಂಗಡಿ ತನ ಕೇಳ್ಸಿರಬೇಕು.

ಆದದ್ದು ಇಷ್ಟೇ. ಯಾದಗಿರಿ ಜಿಲ್ಲಾ ಆಗಿದ್ದು 2009ರ ಡಿಸೆಂಬರಿನಾಗ, 2001ರ 31.3 ಲಕ್ಷದಾಗ ಶಹಾಪುರ, ಸುರಪುರ, ಯಾದಗಿರಿ ಎಲ್ಲಾ ಕೂಡೇ ಇದ್ವು. ಹೊಸ ಗಡಿ ಹಿಡಿದು ಹಳೇ ಲೆಕ್ಕ ಬಿಡಿಸಿದ್ರ ಕಲಬುರಗಿ 21.7 ಲಕ್ಷ, ಯಾದಗಿರಿ 9.6 ಲಕ್ಷ, ಅಂದ್ರ ಎರಡೂ ಬೆಳದಾವ, ಯಾರೂ ಎಲ್ಲೀ ಓಡಿ ಹೋಗಿಲ್ಲ. ಮಧ್ಯಾಹ್ನ ಊಟಾ ಬಿಟ್ಟು ಕುಂತು ಮತ್ತ ಮಾಡ್ದೆ, ಗೆರಿ ತುದಿಗೇ ಜಿಲ್ಲಾದ ಹೆಸರು ಬರ್ದೆ, ಲಕ್ಷ ಅಂತ ಬರ್ದೆ, ಕಂಬ ಸೊನ್ನೆಗೆ ಇಳ್ಸಿದೆ, ಗಡಿ ಬದಲಾದ ಸಂಗತಿ ಕೆಳಗ ಹಾಕ್ದೆ. ಸರ್ ನೋಡಿ "ಈಗ ತಿಳೀತು ಬಿಡ್ರಿ" ಅಂದ್ರು.

ಶಹಾಪುರದ ಅಣ್ಣ ಮಾತ್ರ ಹಳೇ ಹಾಳಿ ಬಿಸಾಕಿಲ್ಲ, ಮಡಚಿ ಕಿಸೇದಾಗ ಇಟ್ಕೊಂಡಾರ. ಚಹಾದಂಗಡ್ಯಾಗ ಬಿಲ್ ಕೊಡೋ ಟೈಮಿಗೆ ಅದನ್ನ ತೆಗೀತಾರ, "ನಾವು ಲೆಕ್ಕದಾಗೇ ಇಲ್ರೀ" ಅಂತಾರ.